ಸೀರೆ ಉಟ್ಟ ದಿನ ಎತ್ತಿದ ಕೈ

ನಾನು ಪೊಲೀಸ್ ಅಲ್ಲ. ಈ ಮಾತನ್ನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಖಾಕಿ ಹಾಕಿಕೊಂಡು ಕುಮಟಾದ ಹೆದ್ದಾರಿಯಲ್ಲಿ ವಾಹನ ನಿಲ್ಲಿಸುತ್ತಿದ್ದದ್ದು ನಿಜ. ಆದರೆ ನಾನು ಹೋಂಗಾರ್ಡ್, ಕಾಗದದ ಮೇಲೆ ಗೃಹರಕ್ಷಕಿ. ಕರೆದ ದಿನ ಹೋಗಿ ರಸ್ತೆಯಲ್ಲಿ ನಿಲ್ಲಬೇಕು, ಕರೆಯದ ದಿನ ಮನೆಯಲ್ಲಿ ಕೂತು ಬ್ಲೌಸ್ ಹೊಲಿಯಬೇಕು. ಹೊಲಿಗೆ ನನ್ನ ಕಸುಬು, ರಸ್ತೆ ನನ್ನ ಹುಚ್ಚು. ಹುಚ್ಚು ಎಂದವರು ನಮ್ಮ ಮನೆಯವರು. ಸಂತೆಗುಳಿಯಿಂದ ಮದುವೆಯಾಗಿ ಬಂದ ಹೆಂಗಸು ನಲವತ್ತರ ಹತ್ತಿರದಲ್ಲಿ ಪ್ಯಾಂಟು ಹಾಕಿಕೊಂಡು ಹೊರಟರೆ ಅವರಾದರೂ ಇನ್ನೇನು ಹೇಳಿಯಾರು? ಒಂದು ವಾರ ಮುಖ ಊದಿಸಿಕೊಂಡಿದ್ದರು. ಆಮೇಲೆ ಅವರೇ ಬೆಲ್ಟಿಗೆ ಪಾಲಿಶ್ ಹಾಕಿಕೊಡತೊಡಗಿದರು.

ತರಬೇತಿ ಹೊನ್ನಾವರದಲ್ಲಾಯಿತು. ಕಲಿಸಲು ಬಂದ ಹಿರಿಯರು ಮೈದಾನದ ನಡುವೆ ನಮ್ಮನ್ನು ಬಿಸಿಲಿಗೆ ನಿಲ್ಲಿಸಿ ಒಂದು ಬೆಳಿಗ್ಗೆ ಪೂರ್ತಿ ಬರೀ ಕೈ ಎತ್ತಿಸಿದರು. ಬೆರಳು ಕೂಡಿರಬೇಕು, ಮೊಣಕೈ ಮಡಚಬಾರದು, ಅಂಗೈ ಡ್ರೈವರನ ಮುಖಕ್ಕೆ ನೆಟ್ಟಗಿರಬೇಕು. "ಅರ್ಧ ಎತ್ತಿದ ಕೈಗೆ ಯಾರೂ ನಿಲ್ಲೂದಿಲ್ಲ. ಎತ್ತಿದ್ರೆ ಪೂರ್ತಿ ಎತ್ತಿ, ಇಲ್ಲಾಂದ್ರೆ ಕಿಸೆಯೊಳಗೆ ಇಟ್ಕಳ್ಳಿ" ಎಂದು ಗದರಿಸಿದ್ದರು. ಮನೆಗೆ ಬಂದು ಕನ್ನಡಿಯ ಮುಂದೆ ಎತ್ತಿ ನೋಡಿಕೊಂಡೆ. ನನ್ನ ಕೈ ನನಗೇ ಚಂದ ಕಂಡಿತು.

ರಸ್ತೆಗೆ ಇಳಿದ ಮೇಲೆ ಗೊತ್ತಾದದ್ದು ಬೇರೆ. ಹೊರಗಿನ ಲಾರಿಗಳು ಖಾಕಿ ಕಂಡರೆ ನಿಲ್ಲುತ್ತವೆ. ಭುಜದ ಮೇಲೆ ಏನು ಬರೆದಿದೆ ಎಂದು ಓದುವಷ್ಟು ಪುರುಸೊತ್ತು ಅವರಿಗಿಲ್ಲ. ನಮ್ಮೂರಿನವರು ಹಾಗಲ್ಲ. ಅವರಿಗೆ ನಾನು ಟೇಲರ್ ಅಕ್ಕ. ಎರಡೂ ಕಡೆ ಕೈ ಚಾಚಿಕೊಂಡು ನಿಂತಿರುವಾಗ ಸ್ಕೂಟಿಯಲ್ಲಿ ಹೋಗುತ್ತಲೇ "ಅಕ್ಕಾ, ನನ್ನ ಬ್ಲೌಸ್ ಆತಾ?" ಎಂದು ಕೂಗಿದವರಿದ್ದಾರೆ. "ಮೊದ್ಲು ಹೆಲ್ಮೆಟ್ ಹಾಕು, ಆಮೇಲೆ ಬ್ಲೌಸ್" ಎಂದು ನಾನೂ ಕೂಗುತ್ತಿದ್ದೆ. ದಂಡ ಹಾಕುವ ಅಧಿಕಾರ ನಮಗಿಲ್ಲ. ಇದ್ದದ್ದು ಬಾಯಿ ಮತ್ತು ಕೈ. ಒಮ್ಮೊಮ್ಮೆ ಭಟ್ಕಳಕ್ಕೋ ಹೊನ್ನಾವರಕ್ಕೋ ಬಂದೋಬಸ್ತಿಗೆ ಕಳಿಸುತ್ತಿದ್ದರು. ಅಲ್ಲಿ ನನ್ನ ಗುರುತಿನವರಿಲ್ಲದೆ ಕೆಲಸ ಹಗುರವಾಗಿರುತ್ತಿತ್ತು, ಆದರೆ ಬೇಜಾರು ಬರುತ್ತಿತ್ತು.

ಅಘನಾಶಿನಿ ಎಂಬ ಊರಿನ ಮುದುಕಿಯೊಬ್ಬಳು ನನಗೆ ಪರಿಚಯವಾದದ್ದು ನಮ್ಮೂರಿನ ಆ ರಸ್ತೆಯಲ್ಲೇ. ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ, ಬುಟ್ಟಿ ತುಂಬಿಕೊಂಡು, ಬೆಳಗಿನ ಬಸ್ಸಿಗೆ ಬರುವಳು. ಬಸ್ಸಿಳಿದು ಹೆದ್ದಾರಿ ದಾಟಿದರೆ ಆಚೆ ಅವಳ ಗಿರಾಕಿಗಳ ಮನೆಗಳು. ಒದ್ದೆ ಬಳಚಿನ ಬುಟ್ಟಿ ಎಂದರೆ ಕಲ್ಲಿನಷ್ಟು ಭಾರ. ಸಿಂಬಿಯ ಮೇಲೆ ಅದನ್ನು ಹೊತ್ತು, ನೀರು ಕುತ್ತಿಗೆಗೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ರಸ್ತೆಯ ಅಂಚಿಗೆ ಬಂದು ನಿಲ್ಲುತ್ತಿದ್ದಳು. ವಾಹನದ ಕಡೆ ನೋಡುತ್ತಲೇ ಇರಲಿಲ್ಲ. ನನ್ನನ್ನೇ ನೋಡುವಳು. ನಾನು ವಾಹನ ನಿಲ್ಲಿಸಿ, ಅವಳ ಕಡೆ ತಿರುಗಿ, ಬಾ ಎಂದು ಕೈ ಮಾಡಿದ ಮೇಲೆಯೇ ಅವಳ ಕಾಲು ಡಾಂಬರಿಗೆ ತಾಗುತ್ತಿದ್ದದ್ದು. ಒಂದು ದಿನ ನಾನು ಗದರಿದೆ.

"ಅತ್ತಿತ್ತ ನೋಡಿ ದಾಟೂಕೆ ಆಗೂದಿಲ್ವಾ ಅಮ್ಮ?"

"ತಲೆ ಮೇಲೆ ಬುಟ್ಟಿ ಇದ್ರೆ ಕುತ್ತಿಗೆ ತಿರ್ಗೂದಿಲ್ಲ ತಂಗೀ. ನಿನ್ ಕೈ ಒಂದು ನೋಡ್ತೆ. ಸಾಕು ನಂಗೆ" ಎಂದಳು.

ಹೋಗುವಾಗ ಒಂದು ಹಿಡಿ ಬಳಚು ಕೊಡಲು ಬಂದರೆ ನಾನು ತೆಗೆದುಕೊಳ್ಳುತ್ತಿರಲಿಲ್ಲ. ಡ್ಯೂಟಿಯಲ್ಲಿದ್ದಾಗ ಅಂಥದ್ದು ಕೂಡದು. ಅವಳು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬ್ಯಾರಿಕೇಡಿನ ಕಾಲಿನ ಹತ್ತಿರ ಇಟ್ಟು ನಡೆದುಬಿಡುತ್ತಿದ್ದಳು. ಬಿಸಿಲಿಗೆ ಹಾಳಾಗುತ್ತದಲ್ಲ ಎಂಬ ನೆಪ ಹೇಳಿಕೊಂಡು ನಾನು ಮನೆಗೆ ಒಯ್ಯುತ್ತಿದ್ದೆ. ನನ್ನ ನಿಯಮಗಳು ಅಷ್ಟೇ ಗಟ್ಟಿ.

ಮಳೆಗಾಲ ಮುಗಿದ ಸಮಯ. ಆ ವಾರ ನನ್ನ ಸರದಿ ಇರಲಿಲ್ಲ. ಲೈನಿಂಗ್ ಬಟ್ಟೆ ಮತ್ತು ಹುಕ್ಕು ತರಲು ಒಂಬತ್ತು ಗಂಟೆಯ ಹೊತ್ತಿಗೆ ಪೇಟೆಗೆ ಹೊರಟೆ. ಉಟ್ಟಿದ್ದು ಹಸಿರು ಸೀರೆ. ಹೆದ್ದಾರಿಯ ಹತ್ತಿರ ಬಂದರೆ ಡ್ಯೂಟಿಯವರು ಯಾರೂ ಇಲ್ಲ. ಎಲ್ಲರನ್ನೂ ಭಟ್ಕಳದ ಬಂದೋಬಸ್ತಿಗೆ ಕಳಿಸಿದ್ದರು. ರಸ್ತೆಯ ಅಂಚಿನಲ್ಲಿ ಬುಟ್ಟಿ ಹೊತ್ತು ಮುದುಕಿ ಒಬ್ಬಳೇ ನಿಂತಿದ್ದಳು. ನನ್ನನ್ನು ಕಂಡದ್ದೇ ಮುಖ ಅರಳಿತು.

"ಬಂದ್ಯಾ? ಎಷ್ಟೊತ್ತಾತು ನಿಂತು. ಯಾರೂ ಇಲ್ಲ ಇವತ್ತು. ಕೈ ತೋರ್ಸೆ ತಂಗೀ."

"ಇವತ್ತು ನಂಗೆ ಡ್ಯೂಟಿ ಇಲ್ಲ ಅಮ್ಮ."

"ಡ್ಯೂಟಿ ಇಲ್ಲಾಂತ ಕೈ ಇಲ್ದೇ ಹೋತಾ?" ಎಂದು ನಕ್ಕಳು.

ನನಗೆ ಖುಷಿಯಾಯಿತು. ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಖಾಕಿ ಇಲ್ಲದೆಯೂ ನನ್ನ ಕೈಗೆ ಬೆಲೆ ಇದೆ ಎಂದು ಒಬ್ಬರು ಹೇಳಿದ್ದರು. ಚೀಲವನ್ನು ಎಡಗೈಗೆ ಬದಲಿಸಿ, ಎರಡು ಹೆಜ್ಜೆ ರಸ್ತೆಗೆ ಇಳಿದು, ಬಲಗೈ ಎತ್ತಿದೆ. ಬೆರಳು ಕೂಡಿದ್ದವು, ಮೊಣಕೈ ಮಡಚಿರಲಿಲ್ಲ. ಮೊದಲು ಬಂದದ್ದು ಪರಿಚಯದ ರಿಕ್ಷಾ, ನನ್ನ ಮುಖ ನೋಡಿ ನಿಂತಿತು. ಅದರ ಹಿಂದೆ ಒಂದು ಕಾರೂ ನಿಂತಿತು. ನಾನು ತಿರುಗಿ ಮುದುಕಿಗೆ ಬಾ ಎಂದು ಕೈ ಮಾಡಿದೆ.

ಅವಳು ಎಂದಿನ ಹಾಗೆ ನನ್ನನ್ನೇ ನೋಡುತ್ತ ಬಂದಳು. ರಿಕ್ಷಾದ ಮುಂದೆ ದಾಟಿ, ನನ್ನನ್ನೂ ದಾಟಿ, ಆಚೆಯ ಸಾಲಿಗೆ ಕಾಲಿಟ್ಟಳು. ಆ ಸಾಲಿನಲ್ಲಿ, ನಿಂತಿದ್ದ ಕಾರಿನ ಪಕ್ಕದಿಂದ ಮುನ್ನುಗ್ಗಿ ಒಂದು ಲಾರಿ ಬರುತ್ತಿತ್ತು. ನಾನು ಅದರ ಕಡೆಗೆ ಅಂಗೈ ಎತ್ತಿದೆ. ಅದು ನಿಲ್ಲುತ್ತದೆ ಎಂದೇ ನಂಬಿದ್ದೆ. ಹತ್ತು ವರ್ಷದಿಂದ ಲಾರಿಗಳು ನಿಂತಿದ್ದವಲ್ಲ. ನಿಲ್ಲುವುದಿಲ್ಲ ಎಂದು ತಿಳಿದು ಕೂಗುವಷ್ಟರಲ್ಲಿ ಆಗಿಹೋಗಿತ್ತು.

ಬಳಚು ರಸ್ತೆಯ ತುಂಬ ಚೆಲ್ಲಿತ್ತು. ಆಚೆ ಪಕ್ಕದಲ್ಲಿ ಓಡಾಡುತ್ತಿದ್ದ ವಾಹನಗಳ ಚಕ್ರದಡಿ ಅವು ಚಟಚಟನೆ ಒಡೆಯುತ್ತಿದ್ದವು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ನನಗೆ ಕೇಳುತ್ತಿದ್ದದ್ದು ಅದೊಂದೇ. ಸಿಂಬಿ ಇನ್ನೂ ಅವಳ ಕೂದಲಿಗೆ ಅಂಟಿಕೊಂಡಿತ್ತು. ಮಧ್ಯಾಹ್ನದೊಳಗೆ ಆಸ್ಪತ್ರೆಯಲ್ಲಿ ತೀರಿಹೋದಳು.

ಠಾಣೆಯಲ್ಲಿ ಲಾರಿಯವನು ಬೆಂಚಿನ ಮೇಲೆ ಕೂತಿದ್ದ. ದೂರದ ಊರಿನವನು. "ಸೀರೆಯವಳೊಬ್ಬಳು ಕೈ ಎತ್ತಿದ್ದು ಕಂಡಿತು. ಬಸ್ಸಿಗೆ ಕೈ ಮಾಡ್ತಿದ್ದಾಳೆ ಅಂದುಕೊಂಡೆ" ಎಂದು ಹಿಂದಿಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ. ಆ ಸೀರೆಯವಳು ನಾನು. ಅವನು ನನ್ನನ್ನು ನೋಡುತ್ತಲೇ ಇದ್ದರೂ ಗುರುತು ಹಿಡಿಯಲಿಲ್ಲ.

ಹೇಳಿಕೆ ಬರೆದುಕೊಂಡ ಹೆಡ್ ಕಾನ್‌ಸ್ಟೇಬಲ್ ಜೊತೆ ನಾನು ಎಷ್ಟೋ ದಿನ ಬಿಸಿಲಲ್ಲಿ ನಿಂತಿದ್ದೇನೆ. ಒಳ್ಳೆಯವರು.

"ಡ್ಯೂಟಿ ಇತ್ತಾ ನಿಂಗೆ?"

"ಇಲ್ಲ ಸಾರ್."

"ಯೂನಿಫಾರ್ಮ್?"

"ಇಲ್ಲ."

"ಹಂಗಾದ್ರೆ ನೀನು ದಾರಿಲಿ ಹೋಗ್ತಾ ಇದ್ದವಳು. ಕಂಡದ್ದು ಹೇಳು, ಬರ್ಕೊಳ್ತೆ."

ಅವರು ಕೇಳಿದ್ದು ಅಷ್ಟೇ. ಉಳಿದದ್ದು ನನ್ನ ಬಾಯಿಂದ ಬಂತು. "ಅಜ್ಜಿ ಏಕಾಏಕಿ ರಸ್ತೆಗೆ ಬಂದ್ರು" ಎಂದೆ. ಅವರು ಬರೆದು, ಓದಿ ಹೇಳಿ, ಸರಿ ಉಂಟಾ ಎಂದು ಕೇಳಿದರು. ಸರಿ ಎಂದೆ, ಸಹಿ ಹಾಕಿದೆ. ಡ್ಯೂಟಿ ಇಲ್ಲದೆ ರಸ್ತೆಗೆ ಇಳಿದು ವಾಹನ ನಿಲ್ಲಿಸಿದೆ ಎಂದು ಹೇಳಿದರೆ ಖಾಕಿ ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಒಬ್ಬಳ ಜೀವ ಹೋದ ದಿನ ನಾನು ನನ್ನ ಬಟ್ಟೆಯ ಯೋಚನೆ ಮಾಡಿದೆ. ರಿಕ್ಷಾದವನು ಕೂಡ ಬಾಯಿ ಬಿಡಲಿಲ್ಲ. ನನ್ನ ಮೇಲಿನ ಅಭಿಮಾನಕ್ಕೋ, ಸಾಕ್ಷಿ ಹೇಳಲು ಅಲೆಯುವ ಬೇಸರಕ್ಕೋ, ನಾನು ಕೇಳಲಿಲ್ಲ.

ನಾಲ್ಕನೇ ದಿನ ಅಘನಾಶಿನಿಗೆ ಹೋದೆ. ಮುದುಕಿಗೆ ಇದ್ದದ್ದು ಒಬ್ಬಳೇ ಮಗಳು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಕಣ್ಣು ಅತ್ತು ಅತ್ತು ಬಾತುಹೋಗಿದ್ದವು. ನನಗೆ ಚಾ ಕೊಟ್ಟು ಎದುರಿಗೆ ಕೂತಳು.

"ಏಕಾಏಕಿ ನುಗ್ಗಿದ್ಲು ಅಂತ ಬರ್ದವ್ರಂತೆ. ಅಮ್ಮ ಹಂಗೆ ನುಗ್ಗೂಳಲ್ಲ. ನೀನು ಅಲ್ಲೇ ಇದ್ದೆ ಅಲ್ದಾ ಅಕ್ಕಾ? ಎಂತ ಆತು ಹೇಳು."

"ನಂಗೂ ಸರಿ ಕಾಣ್ಲಿಲ್ಲ" ಎಂದೆ.

ಅವಳು ಮತ್ತೆ ಕೇಳಲಿಲ್ಲ. ಅವಳು ಕೊಟ್ಟ ಚಾ ಕುಡಿದು ಮುಗಿಸಿದೆ.

ತಿಂಗಳಾದ ಮೇಲೆ ನನ್ನ ಸರದಿ ಮತ್ತೆ ಅದೇ ಜಾಗಕ್ಕೆ ಬಂತು. ಎರಡನೇ ಬೆಳಿಗ್ಗೆ ನೋಡಿದರೆ ಮಗಳು ಬಸ್ಸಿಳಿಯುತ್ತಿದ್ದಾಳೆ, ತಲೆಯ ಮೇಲೆ ತಾಯಿಯ ಬುಟ್ಟಿ. ಎರಡೂ ಸಾಲು ನಿಲ್ಲಿಸಿದೆ, ಲಾರಿಗಳೂ ನಿಂತವು. ಅವಳ ಕಡೆ ತಿರುಗಿ ಬಾ ಎಂದು ಕೈ ಮಾಡಿದೆ. ಅವಳು ಬರಲಿಲ್ಲ. ಅಂಚಿನಲ್ಲಿ ನಿಂತೇ ಇದ್ದಳು. ಹಿಂದಿನ ವಾಹನಗಳು ಹಾರ್ನ್ ಹೊಡೆಯತೊಡಗಿದವು. ಕೈ ಇಳಿಸಲೇಬೇಕಾಯಿತು. ವಾಹನಗಳು ಹೊರಟ ಮೇಲೆ ಅವಳು ಬುಟ್ಟಿಯನ್ನು ತಲೆಯಿಂದ ಸೊಂಟಕ್ಕೆ ಇಳಿಸಿಕೊಂಡು, ಆಚೀಚೆ ನೋಡಿ, ಎರಡು ಬಸ್ಸುಗಳ ನಡುವೆ ಸಿಕ್ಕ ಸಂದಿಯಲ್ಲಿ ಓಡಿ ದಾಟಿದಳು. ಅವಳ ಸೆರಗಿಗೂ ಬಸ್ಸಿಗೂ ಒಂದು ಗೇಣಿನ ಅಂತರವಿತ್ತು.

ಮರುದಿನವೂ ಹಾಗೆಯೇ. ಅದರ ಮರುದಿನವೂ. ನಾನು ಕೈ ಎತ್ತಿದಷ್ಟು ಹೊತ್ತು ಅವಳು ನಿಲ್ಲುತ್ತಿದ್ದಳು, ಇಳಿಸಿದ ಕೂಡಲೇ ವಾಹನಗಳ ನಡುವೆ ಓಡುತ್ತಿದ್ದಳು. ತಾಯಿಯ ಬಗ್ಗೆ ನಾನು ಹೇಳಿ ಬರೆಸಿದ ಸುಳ್ಳನ್ನು ಮಗಳು ದಿನಾ ನನ್ನ ಕಣ್ಣೆದುರು ಮಾಡಿ ತೋರಿಸುತ್ತಿದ್ದಳು. ಹಠಕ್ಕೆ ಮಾಡುತ್ತಿದ್ದಾಳೆಂದು ಮೊದಲ ದಿನ ಸಿಟ್ಟು ಬಂದಿತ್ತು. ಮೂರನೆಯ ದಿನಕ್ಕೆ ಸಿಟ್ಟು ಹೋಗಿ ಹೆದರಿಕೆ ಮಾತ್ರ ಉಳಿಯಿತು. ಇವಳೂ ಹೋದರೆ ಅದೂ ನನ್ನ ತಲೆಗೇ.

ಅದರ ಮಾರನೆಯ ಬೆಳಿಗ್ಗೆ ನಾನೇ ಅವಳ ಹತ್ತಿರ ಹೋದೆ.

"ಅವತ್ತು ಬಾ ಅಂತ ಕೈ ಮಾಡಿದ್ದು ನಾನೇ. ಸೀರೆಲಿ ಇದ್ದೆ. ಲಾರಿ ನಿಲ್ಲಲಿಲ್ಲ. ಅಮ್ಮನ ತಪ್ಪಿಲ್ಲ."

ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ಗೊತ್ತಿತ್ತು ನಂಗೆ. ನಿನ್ ಕೈ ಕಾಣ್ದೆ ಅಮ್ಮ ರಸ್ತೆಗೆ ಕಾಲಿಡೂಳೇ ಅಲ್ಲ. ಮನೆಗೆ ಬಂದವಳು ಹೇಳ್ತಿ ಅಂತ ಚಾ ಮಾಡ್ದೆ. ಹೇಳ್ಲಿಲ್ಲ ನೀನು."

"ತಪ್ಪಾತು."

"ನಂಗೆ ಹೇಳಿ ಎಂತ ಮಾಡೂದು? ಬರ್ಸಿದ ಕಡೆ ಹೋಗಿ ಹೇಳು. ಅಮ್ಮ ಏಕಾಏಕಿ ನುಗ್ಗಿದ್ಲು ಅಂಬುದು ಹೋಗ್ಲಿ. ಆಮೇಲೆ ನಿನ್ ಕೈ ನೋಡಿ ದಾಟ್ತೆ ನಾನು."

ಅಂದು ಡ್ಯೂಟಿ ಮುಗಿಸಿ, ಮನೆಗೆ ಹೋಗಿ ಅದೇ ಹಸಿರು ಸೀರೆ ಉಟ್ಟುಕೊಂಡು ಠಾಣೆಗೆ ಹೋದೆ. ಹೆಡ್ ಕಾನ್‌ಸ್ಟೇಬಲ್ ನಾನು ಹೇಳಿದ್ದನ್ನು ಪೂರ್ತಿ ಕೇಳಿ ಪೆನ್ನು ಕೆಳಗಿಟ್ಟರು. "ಯಾಕೆ ಬೇಕಿತ್ತೇ ನಿಂಗೆ ಇದು?" ಎಂದರು. ಯಾವುದು ಬೇಕಿತ್ತು, ಅಂದು ಕೈ ಎತ್ತಿದ್ದೋ ಇಂದು ಬಾಯಿ ಬಿಟ್ಟದ್ದೋ, ನಾನು ಕೇಳಲಿಲ್ಲ. ಹೊಸ ಹೇಳಿಕೆ ಬರೆದುಕೊಂಡರು. ಸಹಿ ಹಾಕುವಾಗ ಈ ಸಲ ನಾನೇ ಓದಿ ಹಾಕಿದೆ.

ಮರುದಿನ ಬೆಳಿಗ್ಗೆಯೇ ನಮ್ಮ ಘಟಕದ ಅಧಿಕಾರಿ ಕರೆಸಿದರು. ಡ್ಯೂಟಿ ಇಲ್ಲದಾಗ ರಸ್ತೆಗೆ ಇಳಿಯುವ ಹಕ್ಕು ನನಗಿರಲಿಲ್ಲ, ವಿಚಾರಣೆ ಮುಗಿಯುವ ತನಕ ಬರಬೇಡ, ಬಟ್ಟೆ ತಂದು ಒಪ್ಪಿಸು ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಪ್ಯಾಂಟು, ಅಂಗಿ ಒಗೆದು ಇಸ್ತ್ರಿ ಹಾಕಿದೆ. ಸೊಂಟಕ್ಕೆ ಸರಿಯಾಗಲೆಂದು ನಾನೇ ಹೊಲಿದು ಬಿಗಿ ಮಾಡಿಕೊಂಡಿದ್ದ ಪ್ಯಾಂಟು ಅದು. ಹೊಲಿಗೆ ಬಿಚ್ಚಿ ಮೊದಲಿದ್ದ ಹಾಗೆ ಮಾಡಿ, ಮಡಚಿ, ಅದರ ಮರುದಿನ ಕೊಟ್ಟುಬಂದೆ.

ಅಂದು ಮಧ್ಯಾಹ್ನ ಮಗಳು ಖಾಲಿ ಬುಟ್ಟಿ ಹಿಡಿದು ನಮ್ಮ ಮನೆಯ ಬಾಗಿಲಿಗೆ ಬಂದಳು. ನಾನು ಮಶಿನ್ನಿನ ಮುಂದೆ ಕೂತಿದ್ದೆ. ಒಳಗೆ ಬಾ ಎಂದರೂ ಬರಲಿಲ್ಲ.

"ಬರ್ಸಿದ್ಯಾ?"

"ಬರ್ಸ್ದೆ."

"ಎರಡು ದಿನದಿಂದ ರಸ್ತೆಲಿ ಕಾಣ್ಲಿಲ್ಲ ನೀನು."

"ಇನ್ನು ನಂಗೆ ಡ್ಯೂಟಿ ಇಲ್ಲ. ಬಟ್ಟೆ ಕೊಟ್ಟು ಬಂದೆ."

ಅವಳು ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಳು. ಅವಳ ಮುಖದಲ್ಲಿ ಸಮಾಧಾನ ಕಂಡೀತೇ ಎಂದು ನೋಡಿದೆ. ಕಂಡದ್ದು ಹೆದರಿಕೆ.

"ಹಂಗಾರೆ ನಾಳೆ ಅಲ್ಲಿ ಯಾರು ನಿಲ್ಲೂದು?" ಎಂದು ಕೇಳಿದಳು.

ನನ್ನ ಜಾಗಕ್ಕೆ ಯಾರನ್ನೂ ಹಾಕಿರಲಿಲ್ಲ. ಅದು ನನಗೆ ಗೊತ್ತಿತ್ತು.