ಸೀಟಿ ಹಿಡಿದ ಸೋದರಮಾವ

ಮಾವನ ಬಲಗೈಯ ತೋರುಬೆರಳು ನೆಟ್ಟಗಿರಲಿಲ್ಲ. ಪ್ರಾಯದಲ್ಲಿ ಕಬಡ್ಡಿ ಆಡುವಾಗ ಮುರಿದದ್ದು ಸರಿಯಾಗಿ ಕೂಡದೆ ಕೊಕ್ಕೆಯಂತೆ ಬಾಗಿಬಿಟ್ಟಿತ್ತು. ರೆಫರಿಯಾಗಿ ನಿಂತು ಸೀಟಿ ಊದಿ ಆ ಬೆರಳು ಚಾಚಿದರೆ, ಔಟಾದವನನ್ನು ಬಿಟ್ಟು ಪಕ್ಕದವನನ್ನು ತೋರಿಸಿದಂತೆ ಕಾಣುತ್ತಿತ್ತು. ಹೊಸ ಹುಡುಗರು “ನಾನಲ್ಲ ಸಾರ್” ಎಂದು ಗಾಬರಿಯಾಗುತ್ತಿದ್ದರು. ಹಳಬರು ಬೆರಳು ನೋಡುತ್ತಿರಲಿಲ್ಲ, ಅವನ ಕಣ್ಣು ನೋಡುತ್ತಿದ್ದರು.

ಅವನು ನಮ್ಮವ್ವನ ಒಡಹುಟ್ಟಿದ ಅಣ್ಣ, ಚಳ್ಳಕೆರೆಯ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರು. ತೊಂಬತ್ತರ ದಶಕದಲ್ಲಿ ಶೇಂಗಾ ಕಿತ್ತು ಮುಗಿಯಿತೆಂದರೆ ನಮ್ಮ ಸೀಮೆಗೆ ಕಬಡ್ಡಿ ಹುಚ್ಚು ಹಿಡಿಯುತ್ತಿತ್ತು. ಊರೂರಿಗೂ ತಂಡ, ತಂಡದ ಹಿಂದೆ ಟ್ರ್ಯಾಕ್ಟರ್ ತುಂಬ ಜನ. ಪಂದ್ಯ ಎಲ್ಲಿ ಎಂದು ಕೇಳುವ ಮೊದಲು ರೆಫರಿ ಯಾರು ಎಂದು ಕೇಳುತ್ತಿದ್ದರು. ಮಾವನ ಹೆಸರು ಹೇಳಿದರೆ ಎರಡೂ ಕಡೆಯವರು ಒಪ್ಪಿದರು ಎಂದೇ ಲೆಕ್ಕ.

ಆ ಒಪ್ಪಿಗೆಯನ್ನು ಉಳಿಸಿಕೊಳ್ಳಲು ಅವನು ಪಡುತ್ತಿದ್ದ ಪಾಡು ನಮಗೆ ನಗು ತರಿಸುತ್ತಿತ್ತು. ಪಂದ್ಯದ ದಿನ ಯಾರ ಮನೆಯಲ್ಲೂ ನೀರು ಮುಟ್ಟುತ್ತಿರಲಿಲ್ಲ. ಮನೆಯಿಂದ ಕಟ್ಟಿಕೊಂಡು ಬಂದ ರೊಟ್ಟಿ, ಶೇಂಗಾ ಚಟ್ನಿಯನ್ನು ಬೇವಿನ ಮರದ ಕೆಳಗೆ ಒಬ್ಬನೇ ಕೂತು ತಿನ್ನುತ್ತಿದ್ದ. ಪಂದ್ಯ ಮುಗಿದ ಮೇಲೆ ಗೆದ್ದವರು ಟೀಗೆ ಕರೆದರೂ ಹೋಗುತ್ತಿರಲಿಲ್ಲ. ಸೋತವರಂತೂ ಕರೆಯುತ್ತಿರಲಿಲ್ಲ. ಹೀಗಾಗಿ ಇಡೀ ತಾಲ್ಲೂಕೇ ಬಲ್ಲ ಮನುಷ್ಯ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬನೇ ಟೀ ಕುಡಿದು ಮನೆಗೆ ಹೋಗುತ್ತಿದ್ದ. ಒಮ್ಮೆ ನಾನು ಚೇಷ್ಟೆ ಮಾಡಿದಾಗ, “ಸೀಟಿ ಅಂದ್ರೆ ಹಂಗೇ ಕಣೋ ಅಳಿಯ. ಊದೋವಾಗ ಎಲ್ಲರೂ ಸುತ್ತ ಇರ್ತಾರೆ, ಊದಿದ ಮ್ಯಾಲೆ ಯಾರೂ ಇರಲ್ಲ” ಎಂದಿದ್ದ.

ನಾನು ನಮ್ಮೂರು ರಾಂಪುರದ ತಂಡದಲ್ಲಿ ರೈಡರ್ ಆಗಿದ್ದೆ. ಕಾಲೇಜಿಗಿಂತ ಅಖಾಡದಲ್ಲೇ ಹೆಚ್ಚು ಇರುತ್ತಿದ್ದ ವಯಸ್ಸು. ಆ ವರ್ಷ ಚಳ್ಳಕೆರೆಯ ಫೈನಲ್ಲಿಗೆ ನಾವು ಮತ್ತು ಪರಶುರಾಂಪುರದವರು ಬಂದೆವು. ಮಾವ ಮೊದಲೇ ಸಂಘಟಕರ ಬಳಿ ಹೋಗಿ, ತಂಗಿ ಮಗ ಆಡುತ್ತಿದ್ದಾನೆ, ಬೇರೆ ರೆಫರಿ ನೋಡಿಕೊಳ್ಳಿ ಎಂದ. ಪರಶುರಾಂಪುರದ ಕ್ಯಾಪ್ಟನ್ನೇ ಅಡ್ಡ ಬಂದು, ನೀವಿದ್ದರೆ ಮಾತ್ರ ಆಡುತ್ತೇವೆ ಎಂದ. ಮಾವನ ಮುಖ ಅರಳಿದ್ದನ್ನು ನಾನು ನೋಡಿದೆ.

ಅಬ್ಬಾ, ಅದೆಂಥ ಆಟ! ಧೂಳು ಮೊಣಕಾಲಿಗೆ ಏಳುತ್ತಿತ್ತು. ಜನ ಕಾಂಪೌಂಡಿನ ಮೇಲೆ, ಮರದ ಮೇಲೆ. ಶಾಲೆಯ ಜಗಲಿಯಲ್ಲಿ ಹೆಂಗಸರ ನಡುವೆ ಅವ್ವ. ನಾವು ಒಂದು ಪಾಯಿಂಟ್ ಹೊಡೆದರೆ ಅವರು ಒಂದು ಹೊಡೆಯುವರು. ಕೊನೆಯ ರೈಡ್ ಉಳಿದಾಗ ಇಬ್ಬರೂ ಸಮ. ನಾನು ಗೆರೆ ಮುಟ್ಟಿ ನಮಸ್ಕರಿಸಿ ಒಳಗೆ ನುಗ್ಗಿದೆ. ಎಡಗಡೆಯ ಮೂಲೆಯವನು ನನ್ನ ಪಾದಕ್ಕೆ ಹಾರಿದ. ಹಾರಿ ತಪ್ಪಿಸಿಕೊಂಡು, ಬೀಳುತ್ತ ಅವನ ಭುಜ ಮುಟ್ಟಿ, ತಿರುಗಿ ಓಡಿ ನಡುಗೆರೆ ದಾಟಿಬಿಟ್ಟೆ. ನಮ್ಮವರು ನನ್ನನ್ನು ಹೆಗಲ ಮೇಲೆ ಎತ್ತಿಯೇಬಿಟ್ಟಿದ್ದರು.

ಆಗ ಸೀಟಿ ಕೇಳಿತು. ಮಾವ ಸುಣ್ಣದ ಗೆರೆಯ ಪಕ್ಕ ನಿಂತಿದ್ದ. ಮುಟ್ಟುವ ಮೊದಲೇ ನನ್ನ ಎಡಗಾಲು ಗೆರೆಯಿಂದ ಹೊರಗೆ ಬಿದ್ದಿತ್ತಂತೆ. ರೈಡರ್ ಔಟ್. ಪರಶುರಾಂಪುರ ಗೆದ್ದಿತು.

ನಮ್ಮೂರಿನವರ ಬಾಯಿಂದ ಬಂದ ಮಾತುಗಳನ್ನು ಬರೆಯಲಾಗದು. ಮಾವ ಕದಲಲಿಲ್ಲ. ಎದುರಾಳಿಗಳು, ನೋಡಲು ಬಂದ ಬೇರೆ ಊರಿನವರು ಎಲ್ಲ ಅವನಿಗಾಗಿ ಚಪ್ಪಾಳೆ ತಟ್ಟಿದರು. ನಾಲ್ಕು ದಿನ ಚಳ್ಳಕೆರೆಯ ಹೋಟೆಲುಗಳಲ್ಲಿ ಅವನದೇ ಮಾತು: ರೆಫರಿ ಅಂದರೆ ಹೀಗಿರಬೇಕು, ಸ್ವಂತ ಅಳಿಯನನ್ನೇ ಬಿಡಲಿಲ್ಲ.

ಅವ್ವ ಮಾತ್ರ ಅಣ್ಣನ ಜೊತೆ ಮಾತು ಬಿಟ್ಟಳು. ತೀರ್ಪು ಸರಿಯಾಗೇ ಇತ್ತವ್ವ, ಕಾಲು ಹೊರಗೆ ಬಿದ್ದದ್ದು ನನಗೇ ಗೊತ್ತಾಯಿತು ಎಂದು ನಾನೇ ಹೇಳಿದೆ. “ನಾನೂ ನೋಡಿದೀನಿ ಬಿಡು, ಸರಿಯಾಗೇ ಐತೆ” ಎಂದಳು. “ಆದ್ರೆ ಬೆರಳು ತೋರ್ಸೋವಾಗ ಅವನ ಮುಖದಾಗೆ ಒಂದೀಟೂ ಸಂಕಟ ಇರಲಿಲ್ಲ. ಅದನ್ನೂ ನೋಡಿದೀನಿ.”

ಎರಡು ವರ್ಷ ಆ ಮನೆಗೂ ಈ ಮನೆಗೂ ಹೋಗಿಬರುವುದು ನಿಂತಿತು. ಹಬ್ಬಕ್ಕೆ ಮಾವ ಕಳಿಸಿದ ಸೀರೆ ಬಂದ ಬಸ್ಸಿನಲ್ಲೇ ವಾಪಸ್ಸಾಯಿತು. ಅಷ್ಟರಲ್ಲಿ ಅಕ್ಕನ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವಣಗಿತ್ತಿಯ ಕೈ ಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಅವ್ವ ಯಾರ ಮಾತಿಗೂ ಬಗ್ಗಲಿಲ್ಲ. ದೂರದ ಸಂಬಂಧದ ಇನ್ನೊಬ್ಬ ಮಾವನನ್ನು ಗೊತ್ತುಮಾಡಿದಳು. ಮದುವೆಯ ಹಿಂದಿನ ದಿನ ಚಪ್ಪರ ಹಾಕುತ್ತಿದ್ದಾಗ ಅಕ್ಕ ಅಳಲಿಲ್ಲ, ಕೂಗಲಿಲ್ಲ. ಮಾವ ಬರದಿದ್ದರೆ ನಾನು ಒಳಗಿಂದ ಹೊರಗೆ ಬರುವುದಿಲ್ಲ ಎಂದಷ್ಟೇ ಹೇಳಿ ಕೋಣೆಯ ಬಾಗಿಲು ಹಾಕಿಕೊಂಡಳು.

ಅವ್ವ ಅರಿಶಿನದ ಕೈಯಲ್ಲೇ ನನ್ನನ್ನು ಎಳೆದುಕೊಂಡು ಚಳ್ಳಕೆರೆ ಬಸ್ಸು ಹತ್ತಿದಳು. ಮನೆಯಲ್ಲಿ ಮಾವ ಇಲ್ಲ. ಅವನ ಶಾಲೆಯ ಬಯಲಿನಲ್ಲಿ ಪಂದ್ಯ. ಓಡಿದೆವು. ಜನರನ್ನು ಸೀಳಿಕೊಂಡು ಹೋಗಿ ಅವ್ವ ಸುಣ್ಣದ ಗೆರೆಗೆ ಕಾಲು ತಾಗುವಷ್ಟು ಹತ್ತಿರ ನಿಂತಳು. ಮಾವ ನೋಡಿದ. ಎರಡು ವರ್ಷದ ಮೇಲೆ ತಂಗಿಯ ಮುಖ! ಆದರೂ ಆಟ ನಿಲ್ಲಿಸಲಿಲ್ಲ. ಅವ್ವನ ಮೂಗು ಸಿಟ್ಟಿನಿಂದ ಅರಳಿತು. ಆಮೇಲೆ ನಿಧಾನವಾಗಿ ಅವಳೂ ಆಟ ನೋಡತೊಡಗಿದಳು. ಒಬ್ಬ ಹುಡುಗ ಎಗರಿ ಬಂದಾಗ “ಗೆರೆ ನೋಡ್ಕೊಳ್ಳಲೇ” ಎಂದು ಕೂಗಿಯೂ ಬಿಟ್ಟಳು.

ಅರ್ಧ ಆಟ ಮುಗಿಯಿತು. ಮಾವ ಸೀಟಿಯನ್ನು ಜೊತೆಯ ಮೇಷ್ಟ್ರ ಕೈಗೆ ಕೊಟ್ಟು ನೆಟ್ಟಗೆ ಬಂದ.

“ಇಷ್ಟೊತ್ತು ನಿಂತಿದ್ದೀಯಲ್ಲ, ಒಂದು ಸಲ ಕರೀಬಾರ್ದಿತ್ತಾ?”

“ಕರೆದಿದ್ರೆ ಬರ್ತಿದ್ಯಾ ಅಣ್ಣ?”

“ಇಲ್ಲ.”

ಅವ್ವನಿಗೆ ನಗು ಬಂತು.

ರಾಂಪುರದ ಬಸ್ಸಿನಲ್ಲಿ ಮಾವ ಕಿಟಕಿಯ ಕಡೆ ಮುಖ ಮಾಡಿ ಮಾತಾಡಿದ. “ಅವತ್ತು ಇವನ ಕಾಲು ಹೊರಗೆ ಬಿದ್ದಿದ್ದು ನಿಜ, ತಾಯಾಣೆ. ಆದ್ರೆ ಬಿದ್ದಿದ್ದು ಕಂಡ ಕೂಡ್ಲೆ ನನಗೆ ಒಳಗೆ ಖುಷಿ ಆತು ಕಣಮ್ಮ. ಸ್ವಂತ ಅಳಿಯನ್ನೇ ಔಟ್ ಕೊಟ್ಟ ಅಂತ ಜನ ಕೊಂಡಾಡ್ತಾರೆ ಅನ್ನಿಸ್ತು. ತೀರ್ಪು ಸರಿಯಾಗಿತ್ತು, ಕೊಟ್ಟೋನು ಸರಿಯಾಗಿರಲಿಲ್ಲ. ಲಂಚ ತಿನ್ನಬಾರ್ದು ಅಂತ ಟೀ ಬಿಟ್ಟೆ, ಹೊಗಳಿಕೆ ಬಿಡೋಕೆ ಆಗಲಿಲ್ಲ.”

ಅವ್ವ ಸೆರಗಿನ ತುದಿಯಿಂದ ಅವನ ಕತ್ತಿನ ಮೇಲಿದ್ದ ಧೂಳು ಒರೆಸಿದಳು.

ಮರುದಿನ ಬೆಳಗ್ಗೆ ವಾಲಗ ಮೊಳಗುತ್ತಿದ್ದಂತೆ ಮಾವ ರೆಫರಿಯ ಬಿಳಿ ಪ್ಯಾಂಟಿನಲ್ಲೇ, ಮೇಲೊಂದು ಶಲ್ಯ ಹೊದ್ದು, ಅಕ್ಕನನ್ನು ಮಂಟಪಕ್ಕೆ ಕರೆತಂದ. ನಮ್ಮ ಹಳೆಯ ತಂಡದವರು ಹಿಂದಿನಿಂದ “ಕಬಡ್ಡಿ ಕಬಡ್ಡಿ” ಎಂದು ಶುರುವಿಟ್ಟರು. ಪುರೋಹಿತರೂ ನಕ್ಕರು. ಅಕ್ಕನ ಅಷ್ಟು ಗೆಲುವಾದ ಮುಖವನ್ನು ನಾನು ಆಮೇಲೆ ಕಂಡಿಲ್ಲ.

ಮಾವ ಆಮೇಲೂ ಹಲವು ವರ್ಷ ಸೀಟಿ ಊದಿದ. ಆದರೆ ಪಂದ್ಯ ಮುಗಿದ ಕೂಡಲೇ, ಚಪ್ಪಾಳೆ ಏಳುವ ಮೊದಲೇ ಹಿಂದಿನ ಗೇಟಿನಿಂದ ಹೊರಟುಬಿಡುತ್ತಿದ್ದ. ನಿವೃತ್ತಿಯಾಗಿ ಒಂದು ವರ್ಷಕ್ಕೆ, ಬೆಳಗಿನ ಹೊತ್ತು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದವನು ಹಾಗೇ ಕುಸಿದು ತೀರಿಕೊಂಡ.

ಈಗ ನಾನು ಮೊಳಕಾಲ್ಮೂರು ಕಡೆಯ ಶಾಲೆಯೊಂದಕ್ಕೆ ಹೆಡ್‌ಮಾಸ್ಟರು. ದಿನಕ್ಕೊಂದು ಜಗಳ ನನ್ನ ಮೇಜಿಗೆ ಬರುತ್ತದೆ. ಯಾರನ್ನೋ ತಪ್ಪಿತಸ್ಥ ಎನ್ನುವ ಮುಂಚೆ ಎದೆಯೊಳಗೆ ಒಂದು ಸಣ್ಣ ಹುರುಪು ಎದ್ದರೆ ಸಾಕು, ಬಾಯಿ ಮುಚ್ಚಿಕೊಂಡು ಎದ್ದು ಬಯಲನ್ನು ಒಂದು ಸುತ್ತು ಹಾಕಿ ಬರುತ್ತೇನೆ. ಒಮ್ಮೊಮ್ಮೆ ಎರಡು ಸುತ್ತು ಬೇಕಾಗುತ್ತದೆ. ಸಾಹೇಬರಿಗೆ ಸಕ್ಕರೆ ಕಾಯಿಲೆ ಇರಬೇಕು ಎಂದು ಮೇಷ್ಟ್ರುಗಳು ಮಾತಾಡಿಕೊಳ್ಳುತ್ತಾರೆ. ನಾನು ಹೌದು ಎಂದೂ ಹೇಳಿಲ್ಲ, ಅಲ್ಲ ಎಂದೂ ಹೇಳಿಲ್ಲ.