ಸೀರೆ ತರಲು ಹೋಗಿ ತಂದ ಗಿಟಾರು

ನನ್ನ ಹೆಂಡತಿ ಮಿರಜಿನವಳು. ಅವಳ ತಂದೆ ರೇಲ್ವೆಯಲ್ಲಿ ಕಾರಕೂನರು. ಅವರ ಪಕ್ಕದ ಮನೆಯಲ್ಲಿ ಗೋವಾದ ಕಡೆಯ ಇಂಜಿನ್ ಡ್ರೈವರನ ಹೆಂಡತಿಯೊಬ್ಬಳು ಕರೆಂಟಿನ ಗಿಟಾರು ಬಾರಿಸುತ್ತಿದ್ದಳಂತೆ. ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತ ಬಾರಿಸುವ ನಮೂನೆಯದು. ಹನ್ನೆರಡನೆಯ ವಯಸ್ಸಿನಿಂದ ಮದುವೆಯಾಗುವ ತನಕ ನನ್ನ ಹೆಂಡತಿ ಆಕೆಯ ಹತ್ತಿರ ಅದನ್ನು ಕಲಿತಿದ್ದಳು. ಹೆಣ್ಣು ನೋಡಲು ಹೋದಾಗ ಈ ಮಾತನ್ನು ಯಾರೂ ನಮ್ಮ ಮುಂದೆ ಎತ್ತಲಿಲ್ಲ. ಎತ್ತಿದ್ದರೆ ನಮ್ಮಪ್ಪ ತಾಟಿನಲ್ಲಿದ್ದ ಉಪ್ಪಿಟ್ಟು ಮುಗಿಸಿ, ಕೈ ತೊಳೆದು, ಮುಂದಿನ ಗಾಡಿ ಹಿಡಿಯುತ್ತಿದ್ದ.

ನಮ್ಮೂರು ಜತ್ತದ ಹತ್ತಿರದ ಸಂಖ. ಸಂಸ್ಥಾನ ಹೋಗಿ ಸರಕಾರ ಬಂದು ಐದಾರು ವರ್ಷವಾಗಿದ್ದರೂ ಕರೆಂಟು ಎಂಬುದು ನಮಗೆ ದೂರದ ಊರಿನ ಸುದ್ದಿಯೇ ಆಗಿತ್ತು. ನಮ್ಮದು ಅರಿವೆ ಅಂಗಡಿ, ಜೊತೆಗೆ ಒಂದಿಷ್ಟು ಜೋಳದ ಹೊಲ. ಅವ್ವ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದಳು. ಹೀಗಾಗಿ ಮನೆಯಲ್ಲಿ ಅಪ್ಪ, ನಾನು, ನನ್ನ ಹೆಂಡತಿ, ಮೂರೇ ಜನ. ಅಪ್ಪ ಮಾತು ಕಡಿಮೆಯ ಮನುಷ್ಯ. ಸೋಮವಾರ ಸೋಮವಾರ ಪೂಜೆ ಮುಗಿದ ಮೇಲೆ ಪಡಸಾಲೆಯಲ್ಲಿ ಕುಳಿತು ತನ್ನ ಅಜ್ಜನಿಂದ ಬಂದ ಒಂದು ಭಜನೆಯ ಪದ ಹಾಡುತ್ತಿದ್ದ. ಆಗ ಮಾತ್ರ ಅವನ ಮುಖ ಸಡಿಲಾಗುತ್ತಿತ್ತು.

ಒಂದು ದಿನ ಮಧ್ಯಾಹ್ನ ಊಟಕ್ಕೆಂದು ಅಂಗಡಿಯಿಂದ ಬಂದೆ. ಒಲೆಯ ಮುಂದೆ ನನ್ನ ಹೆಂಡತಿ ಕಬ್ಬಿಣದ ಊದುಗೊಳವೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಚಮಚೆಯೊಂದನ್ನು ಅದರ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರಿಸುತ್ತಿದ್ದಳು. ಕಣ್ಣು ಮುಚ್ಚಿತ್ತು. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. "ಏನದು ಹುಚ್ಚರಂಗ?" ಎಂದೆ. ಬೆಚ್ಚಿಬಿದ್ದಳು. ಆಗ ಎಲ್ಲ ಹೇಳಿದಳು, ಗೋವಾದ ಹೆಂಗಸಿನ ಕಥೆ, ಗಿಟಾರಿನ ಕಥೆ.

"ನನಗ ಇಲ್ಲಿ ಏನೂ ಕಡಿಮಿ ಇಲ್ರಿ. ಮಾವಾರೂ ಭಾಳ ಚಲೋ ನೋಡ್ಕೊಂತಾರ. ಆದರ ಅದೊಂದರ ದನಿ ಕಿವ್ಯಾಗ ಹಂಗ ಕುಂತೈತಿ. ಒಮ್ಮೊಮ್ಮಿ ಬೆರಳ ತಾವ ಅಳ್ಯಾಡ್ತಾವ" ಎಂದಳು. ಹೇಳಿ, ಸೀದ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡು, ನನಗೆ ಬೇರೆ ರೊಟ್ಟಿ ಬಡಿದಳು.

ಅಪ್ಪನಿಗೆ ಕೇಳೋಣವೆಂದರೆ ಧೈರ್ಯ ಎಲ್ಲಿಂದ ತರಲಿ? ಹಿಂದೊಮ್ಮೆ ಹತ್ತಿರದ ಬಿಳೂರಿಗೆ ಬಂದ ಆಟದ ಮೇಳದಲ್ಲಿ ಹೆಂಗಸೊಬ್ಬಳು ಹಾರ್ಮೋನಿಯಂ ಪೇಟಿ ಬಾರಿಸಿದ್ದನ್ನು ಕೇಳಿ, "ಮನಿತನದ ಹೆಣ್ಣಮಕ್ಕಳು ಮಂದ್ಯಾಗ ಕುಂತು ಹಿಂಗ ಬಾರಸ್ತಾರೇನು?" ಎಂದಿದ್ದ. ಒಂದೇ ಸಲ ಅಂದ ಮಾತು. ನಾನು ಅದನ್ನು ಕಟ್ಟಿಟ್ಟುಕೊಂಡು ಕುಳಿತಿದ್ದೆ.

ನಾಗರ ಪಂಚಮಿ ಹತ್ತಿರ ಬಂತು. ಸೊಸೆಗೆ ಪಂಚಮಿಯ ಸೀರೆ ಆಗಬೇಕು, ನಮ್ಮ ಅಂಗಡಿಯ ಸೀರೆಯನ್ನೇ ಕೊಟ್ಟರೆ ಮರ್ಯಾದೆ ಅಲ್ಲವೆಂದು ಅಪ್ಪನೇ ರೊಕ್ಕ ಕೊಟ್ಟು, "ಹೆಂಗೂ ಮಿರಜಿಗೆ ಮಾಲ ತರಾಕ ಹೊಂಟಿ. ಒಂದು ಚಲೋ ಇಲಕಲ್ಲ ಸೀರಿ ನೋಡು. ರೊಕ್ಕಕ್ಕ ಕೈ ಹಿಡಿಬ್ಯಾಡ" ಎಂದ. ನಾನು ಹೂಂ ಎಂದೆ. ಸೀರೆಯನ್ನೇ ತರುವ ಮನಸ್ಸಿನಿಂದಲೇ ಹೋದೆ, ದೇವರಾಣೆ.

ಮಿರಜಿನಲ್ಲಿ ಸಿತಾರು ತಂಬೂರಿ ಮಾಡುವವರ ಓಣಿ ಇದೆ. ಕಾಲು ತಾವಾಗಿಯೇ ಅಲ್ಲಿಗೆ ಹೋದವು. ದೊಡ್ಡ ಅಂಗಡಿಯಲ್ಲಿ ವಿಲಾಯಿತಿ ಗಿಟಾರೊಂದನ್ನು ತೂಗುಹಾಕಿದ್ದರು. ಬೆಲೆ ಕೇಳಿದೆ, ಒಂದು ಜೋಡಿ ಎತ್ತು ಬರುವಷ್ಟು ಹೇಳಿದರು. ಹೊರಗೆ ಬಂದೆ. ಓಣಿಯ ಕೊನೆಗೆ ಒಬ್ಬ ಮುಸಲ್ಮಾನ ಮುದುಕ ಒಬ್ಬನೇ ಕುಳಿತು ತಂಬೂರಿಯ ಕುಂಬಳಕಾಯಿ ಕೆರೆಯುತ್ತಿದ್ದ. ನನ್ನ ಮಾತು ಕೇಳಿ ನಕ್ಕು, ಒಳಗಿಂದ ಒಂದು ಹಲಗೆ ತಂದ. ಹಲಗೆಯೇ ಅದು, ಹೊಟ್ಟೆಯಿಲ್ಲ, ತೂತಿಲ್ಲ. ಮೇಲೆ ಆರು ತಂತಿ, ತಂತಿಯ ಕೆಳಗೆ ಹಳೆಯ ಟೆಲಿಫೋನಿನಿಂದ ಬಿಚ್ಚಿದ ಅಯಸ್ಕಾಂತಕ್ಕೆ ತಾಮ್ರದ ಎಳೆ ಸುತ್ತಿದ ಗಂಟು, ಅದರಿಂದ ಹೊರಟ ಎರಡು ವೈರು.

"ವಿಲಾಯಿತಿದು ನೋಡಿ ನಾನ ಮಾಡೀನಿ, ಸಾವಕಾರ. ದನಿ ಅದರಂಗ ಬರತೈತಿ. ಊರಾಗ ಬಿಜಲಿ ಐತ್ರಿ?"

"ಬಿಜಲಿ ಇಲ್ಲ. ರೇಡಿಯೋ ಐತಿ" ಎಂದೆ, ನಮ್ಮೂರಿನ ಮಾನ ಹೋಗಬಾರದೆಂದು.

"ರೇಡಿಯೋ ಇದ್ರ ಆತಲ್ರಿ! ಅದರ ಬೆನ್ನಾಗ ತಬಕಡಿ ಬಾಜಾ, ಅದ ಗ್ರಾಮೋಫೋನ, ಜೋಡಸೂ ಎರಡು ತೂತ ಇರತಾವ. ಅಲ್ಲಿ ಈ ವೈರ ಚುಚ್ಚರಿ. ಮಾತಾಡ್ತೈತಿ. ಇಲ್ಲಾಂದ್ರ ಇದು ಮೂಕಿ."

ಅವನು ಕೇಳಿದ ಬೆಲೆ ಸರಿಯಾಗಿ ಒಂದು ಇಲಕಲ್ಲ ಸೀರೆಯದು. ಕೊಟ್ಟೆ. ಜತ್ತದ ಮೋಟಾರಿನಲ್ಲಿ ಅದನ್ನು ಗೋಣಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಊರಿನ ತನಕ ಒಬ್ಬನೇ ನಗುತ್ತ ಬಂದೆ.

ನಗು ಊರ ಚಾವಡಿಯ ಮುಂದೆ ನಿಂತಿತು. ರೇಡಿಯೋ ಇದ್ದದ್ದು ಆ ಚಾವಡಿಯಲ್ಲಿ. ಸರಕಾರ ಕೊಟ್ಟ, ಬ್ಯಾಟರಿಯ ಮೇಲೆ ನಡೆಯುವ, ಬೀಗ ಹಾಕಿದ ಪೆಟ್ಟಿಗೆ. ಊರ ಹಿರಿಯರು ಸಂಜೆ ಅದರ ಮುಂದೆ ಕೂಡುತ್ತಿದ್ದರು, ಮೊದಲ ಸಾಲಿನಲ್ಲಿ ನಮ್ಮಪ್ಪ. ಮನೆತನದ ಸೊಸೆಯರು ಆ ಚಾವಡಿಯ ಮುಂದೆ ಹಾಯಬೇಕಾದರೆ ತಲೆಯ ಮೇಲೆ ಸೆರಗು ಎಳೆದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ಹಾಯಬೇಕು. ನನ್ನ ಹೆಂಡತಿ ದಿನಾ ಹಾಗೆ ಹಾಯುತ್ತಿದ್ದಳು, ನಾನು ದಿನಾ ನೋಡುತ್ತಿದ್ದೆ. ಅವಳು ಕಟ್ಟೆ ಹತ್ತಲಾರದ ಜಾಗದಲ್ಲಷ್ಟೇ ಮಾತಾಡಬಲ್ಲ ವಾದ್ಯವನ್ನು ಅವಳಿಗೆಂದು ಕೊಂಡು ತಂದಿದ್ದೆ. ಎಂಥ ಶಾಣ್ಯಾ ನೋಡಿ!

ಅವಳಿಗೆ ಇದನ್ನು ಹೇಳಿದೆ. ಅವಳು ಬೈಯಲಿಲ್ಲ. ಗೋಣಿ ಬಿಚ್ಚಿ, ಹಲಗೆಯ ಮೇಲೆ ಕೈಯಾಡಿಸಿ, ಸೆರಗಿನಿಂದ ಧೂಳು ಒರೆಸಿದಳು. ತಂತಿ ಮೀಟಿದಳು. ಸೊಳ್ಳೆ ಹಾರಿದಷ್ಟು ಸದ್ದು ಬಂತು. ಆಮೇಲೆ ಬಾಗಿ, ಕಿವಿಯನ್ನು ಮರಕ್ಕೆ ಒತ್ತಿ ಮತ್ತೊಮ್ಮೆ ಮೀಟಿದಳು. "ಕೇಳಸ್ತೈತ್ರಿ" ಎಂದಳು. ಅವಳ ಕಣ್ಣು ತುಂಬಿದ್ದವು. ಪಂಚಮಿಯ ದಿನ ಅಪ್ಪ "ಸೀರಿ ಉಡಲಿಲ್ಲೇನವಾ?" ಎಂದು ಕೇಳಿದಾಗ, "ಭಾಳ ಚಲೋ ಐತ್ರಿ ಮಾವಾರ, ಮುಂದ ಯಾರದರೆ ಲಗ್ನಕ್ಕ ಉಡಾಕಂತ ತಗದ ಇಟ್ಟೀನಿ" ಎಂದು ನನ್ನ ಪಾಲಿನ ಸುಳ್ಳನ್ನೂ ಅವಳೇ ಹೇಳಿದಳು.

ಅಂದಿನಿಂದ ಅಪ್ಪ ಅಂಗಡಿಗೆ ಹೋದ ಮೇಲೆ ಅವಳು ಬಾಗಿಲು ಮುಂದೆ ಮಾಡಿಕೊಂಡು ಹಾಗೆಯೇ ಬಾರಿಸುತ್ತಿದ್ದಳು, ಮರಕ್ಕೆ ಕೆನ್ನೆ ಹಚ್ಚಿ. ಕೆನ್ನೆಯ ಮೇಲೆ ಹಲಗೆಯ ಅಂಚಿನ ಗೆರೆ ಮೂಡಿರುತ್ತಿತ್ತು. ಒಮ್ಮೆಯಾದರೂ ಅದು ಬಾಯಿಬಿಟ್ಟು ಮಾತಾಡಬೇಕು, ಅವಳ ಕೈಯಿಂದಲೇ ಆಡಬೇಕು. ಬೇರೆ ಏನೂ ಬೇಡವಾಗಿತ್ತು ನನಗೆ.

ತಿಂಗಳಿಗೊಮ್ಮೆ ರೇಡಿಯೋದ ಬ್ಯಾಟರಿ ಬದಲಿಸಲು ಸರಕಾರಿ ಮಿಸ್ತ್ರಿ ಬರುತ್ತಿದ್ದ. ಪೆಟ್ಟಿಗೆಯ ಹಿಂಬದಿಯ ಕೀಲಿ ಅವನ ಹತ್ತಿರ ಮಾತ್ರ. ಮೋಟಾರು ಬರುವ ತನಕ ನಮ್ಮ ಅಂಗಡಿಯಲ್ಲೇ ಕುಳಿತು ಚಹಾ ಕುಡಿಯುತ್ತಿದ್ದ. ಅವನ ಮುಂದೆ ಬಾಯಿಬಿಟ್ಟೆ. ಅವನು ಹರೆಯದವನು, ಸ್ವಲ್ಪ ಪುಂಡ. ಕೇಳಿ ತೊಡೆ ತಟ್ಟಿಕೊಂಡು ನಕ್ಕ. "ಚಾವಡಿ ಹಿಂದಿನ ಗ್ವಾಡಿಗೆ ಹತ್ತಿದ್ದ ಕೋಲಿ ಯಾರದ್ರಿ?" ಎಂದ.

ಆ ಕೋಣೆ ನಮ್ಮದೇ, ಹತ್ತಿಕಾಳು, ಹಿಂಡಿ ಇಡುವುದು. ಚಾವಡಿಗೂ ಅದಕ್ಕೂ ನಡುವೆ ಎರಡು ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಒಂದು ಗವಾಕ್ಷಿ. ಮುಂದಿನ ತಿಂಗಳು ಅವನು ಬಂದವನು ವೈರಿನ ಸುರುಳಿ ತಂದ. ಗವಾಕ್ಷಿಯಿಂದ ವೈರು ಇಳಿಬಿಟ್ಟು, ಒಳಗಿನ ಸದ್ದು ಚಾವಡಿಗೆ ಬರದಂತೆ ಗವಾಕ್ಷಿಯ ಬಾಯಿಗೆ ಗೋಣಿ ತುರುಕಿದೆವು. ಅವಳನ್ನು ಹಿತ್ತಲ ದಾರಿಯಿಂದ ಕೋಣೆಗೆ ಕರೆದುಕೊಂಡು ಹೋಗಿ, ಹಿಂಡಿಯ ಚೀಲದ ಮೇಲೆ ಕೂರಿಸಿದೆ. "ಏನ ಬಾರಸ್ಲಿ?" ಎಂದಳು. "ನಿನಗ ಬೇಕಾದ್ದ ಬಾರಸು. ವೈರ ಎರಡು ಸರ್ತಿ ಜಗ್ಗತೀನಿ, ಸುರು ಮಾಡು" ಎಂದು ಹೊರಗಿನಿಂದ ಚಿಲಕ ಹಾಕಿ ಚಾವಡಿಗೆ ಓಡಿದೆ.

ಸಂಜೆಯ ಕಾರ್ಯಕ್ರಮಕ್ಕೆ ಇನ್ನೂ ಕಾಲು ತಾಸಿತ್ತು. ಹಿರಿಯರೆಲ್ಲ ಬಂದು ಕುಳಿತು ಮಳೆಯ ಮಾತಾಡುತ್ತಿದ್ದರು. ಮಿಸ್ತ್ರಿ ಪೆಟ್ಟಿಗೆಯ ಬೆನ್ನಿಗೆ ತಲೆ ಹಾಕಿ ಏನೋ ತಿರುವಿದ. ನಾನು ಕಂಬದ ಮರೆಯಲ್ಲಿ ನಿಂತು ವೈರು ಜಗ್ಗಿದೆ.

ಮೊದಲು ಗುಂಯ್ ಎಂದಿತು. ಆಮೇಲೆ ಆ ದನಿ ಬಂತು. ನಾನು ಅಂಥ ದನಿ ಅದುವರೆಗೆ ಕೇಳಿರಲಿಲ್ಲ. ಉದ್ದವಾಗಿ ಎಳೆದು, ತುದಿಯಲ್ಲಿ ನಡುಗಿ, ಮನುಷ್ಯರು ಕರೆದ ಹಾಗೆ ಕರೆಯಿತು. ಅವಳು ಬಾರಿಸಿದ್ದು ಮಿರಜಿನಲ್ಲಿ ಕಲಿತದ್ದನ್ನಲ್ಲ. ಅಪ್ಪನ ಸೋಮವಾರದ ಪದವನ್ನು. ಅಡಿಗೆಮನೆಯಲ್ಲಿ ಕುಳಿತು ಕೇಳಿ ಕೇಳಿ ಅದನ್ನು ಯಾವಾಗಲೋ ಬೆರಳಿಗೆ ತಂದುಕೊಂಡಿದ್ದಳು.

ಅಪ್ಪ ಎದ್ದು ನಿಂತ. ರೇಡಿಯೋದ ಹತ್ತಿರ ಹೋಗಿ, ತಲೆಯ ಪಟಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ತುಟಿ ಅಲುಗುತ್ತಿದ್ದವು, ಪದದ ಮಾತು ಹೇಳಿಕೊಳ್ಳುತ್ತಿದ್ದ. ಮುಗಿದ ಮೇಲೆ ನಮ್ಮ ಕಡೆ ತಿರುಗಿ, "ನಮ್ಮ ಪದ ಮುಂಬಯಿ ರೇಡಿಯೋದವರಿಗೆ ಹೆಂಗ ಹೋತೋ?" ಎಂದ. ಅವನ ಕಣ್ಣಲ್ಲಿ ನೀರು. ಅವ್ವ ಸತ್ತಾಗಲೂ ನಾನು ಅದನ್ನು ಕಂಡಿರಲಿಲ್ಲ.

ಆಗಲೇ ಹೇಳಬೇಕಿತ್ತು. ಎರಡೇ ಮಾತು, "ಬಾರಿಸಿದಾಕಿ ನಿನ್ನ ಸೊಸಿ" ಎಂದು. ಹಿರಿಯರೆಲ್ಲ ಕುಳಿತಿದ್ದರು. ಮನೆಗೆ ಹೋದ ಮೇಲೆ ಹೇಳಿದರಾಯಿತು ಎಂದುಕೊಂಡೆ.

ಕೋಣೆಯ ಚಿಲಕ ತೆಗೆದಾಗ ಅವಳು ಕತ್ತಲೆಯಲ್ಲಿ ಕುಳಿತಿದ್ದಳು. "ಬಂತೇನ್ರಿ ದನಿ? ನನಗ ಇಲ್ಲಿ ಏನೂ ಕೇಳಸ್ಲಿಲ್ಲ. ಬರೇ ತಂತಿದ್ದ ಟಿಣ್ ಟಿಣ್" ಎಂದಳು. ಆ ಗೋಡೆ, ಆ ಗೋಣಿಯ ನಡುವೆ ಅವಳಿಗೆ ಹೇಗೆ ಕೇಳಬೇಕು? ಅದೊಂದು ಮಾತು ನನಗೆ ಹೊಳೆದೇ ಇರಲಿಲ್ಲ. ಮುಂದಿನ ತಿಂಗಳು ಬೇರೆ ಏನಾದರೂ ಹೂಡೋಣ ಎಂದೆ. ಮುಂದಿನ ತಿಂಗಳು ಬೇರೆ ಮಿಸ್ತ್ರಿ ಬಂದ, ಕಾನೂನಿನ ಮನುಷ್ಯ; ಪೆಟ್ಟಿಗೆಯ ಹತ್ತಿರ ಯಾರನ್ನೂ ಸುಳಿಯಗೊಡಲಿಲ್ಲ.

ಅಪ್ಪ ಮಾತ್ರ ಬಿಡಲಿಲ್ಲ. ದಿನಾ ಸಂಜೆ ಎಲ್ಲರಿಗಿಂತ ಮೊದಲು ಹೋಗಿ ಕೂಡುತ್ತಿದ್ದ, ಬರಿಗೈಲಿ ಬರುತ್ತಿದ್ದ. ಕೊನೆಗೆ ನನ್ನಿಂದ ಮರಾಠಿಯಲ್ಲಿ ರೇಡಿಯೋದವರಿಗೆ ಒಂದು ಕಾರ್ಡು ಬರೆಸಿದ. "ಆ ಪದಾ ಬಾರಿಸಿದವರು ಯಾರ ಇದ್ರೂ ಅವರಿಗೆ ಸಂಖದ ಒಬ್ಬ ಮುದುಕನ ಶರಣು. ನಾ ಸಾಯೂದ್ರಾಗ ಇನ್ನೊಮ್ಮಿ ಬಾರಸ್ಬೇಕು. ಹಿಂಗ ಬರಿ" ಎಂದ. ಬರೆದೆ. ಅಂಚೆಗೆ ಹಾಕುವ ಬದಲು ಅವಳ ಕೈಗೆ ಕೊಟ್ಟೆ. ಓದಿದಳು, ನಕ್ಕಳು, ನಗುತ್ತ ನಗುತ್ತ ಅತ್ತಳು. "ಹೇಳ್ರಿ ಅವರಿಗೆ. ಬೈದ್ರ ಬೈಸ್ಕೊತೀನಿ. ಹೇಳೇ ಬಿಡ್ರಿ" ಎಂದಳು. ನಾಳೆ ಎಂದೆ. ಅವಳು ಮತ್ತೆರಡು ಸಲ ಕೇಳಿದಳು. ಎರಡೂ ಸಲ ನಾಳೆ ಎಂದೆ. ಆಮೇಲೆ ಕೇಳುವುದನ್ನು ಬಿಟ್ಟಳು. ಏನಕ್ಕೆ ಅಂಜಿದೆ ನಾನು? ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ. ಹೊಡೆಯುವ ಅಪ್ಪನಲ್ಲ, ಬಡಿಯುವ ಅಪ್ಪನಲ್ಲ.

ಎರಡು ವರ್ಷದ ಮೇಲೆ ಅಪ್ಪ ಹಾಸಿಗೆ ಹಿಡಿದ. ಚಾವಡಿಗೆ ಹೋಗುವ ಕಸುವು ಇರಲಿಲ್ಲ. ನನ್ನ ಹೆಂಡತಿಯೇ ಗಂಜಿ ಕುಡಿಸುತ್ತಿದ್ದಳು, ಕಾಲು ಒತ್ತುತ್ತಿದ್ದಳು. ಒಂದು ದಿನ ನಾನು ಔಷಧ ತಂದು ಬಾಗಿಲಿಗೆ ಬರುವಷ್ಟರಲ್ಲಿ ಒಳಗೆ ಅಪ್ಪ ಅವಳೊಂದಿಗೆ ಮಾತಾಡುತ್ತಿದ್ದ.

"ಯವ್ವಾ, ಒಮ್ಮಿ ರೇಡಿಯೋದಾಗ ನಮ್ಮ ಪದಾ ಬಂದಿತ್ತು. ತಂತಿ ಮ್ಯಾಲ ಬಾರಿಸಿದ್ದು. ನೀ ಕೇಳಿದ್ದೇನು?"

ಅವಳು ನನ್ನ ಕಡೆ ನೋಡಿದಳು. ಬಾಗಿಲಲ್ಲಿ ನಾನಿರುವುದು ಅವಳಿಗೆ ಗೊತ್ತಿತ್ತು. ನಾನು ಔಷಧದ ಬಾಟಲಿಯ ಚೀಟಿ ಓದುತ್ತ ನಿಂತೆ.

"ಇಲ್ರಿ ಮಾವಾರ. ನಾ ಕೇಳಿಲ್ಲ" ಎಂದಳು.

"ಕೇಳಬೇಕಿತ್ತವಾ ನೀ" ಎಂದ ಅಪ್ಪ. "ನಿನಗ ಭಾಳ ಸೇರತಿತ್ತು."

"ಹೂಂನ್ರಿ" ಎಂದು ಅವಳು ಅಪ್ಪನ ಕಾಲ ಮೇಲೆ ಕಂಬಳಿ ಎಳೆದಳು.