ಕಾಲುವೆಗೆ ಎಸೆದ ಬೇಶರಮ್ ತುಂಡುಗಳು

ನನ್ನ ಸಣ್ಣವ್ವ, ಅಂದರೆ ಅವ್ವನ ತಂಗಿ, ಕಾಲುವೆಗೆ ಬಿದ್ದು ಬಹಳ ವರ್ಷವಾಯಿತು. ಅವಳು ಬದುಕಿದಳು. ಆದರೂ ಹಸಿ ಕಡ್ಡಿ ಮುರಿಯುವ ಸದ್ದು ಕೇಳಿದರೆ ಇಂದಿಗೂ ನಾನು ತಿರುಗಿ ನೋಡುತ್ತೇನೆ.

ಶಹಾಪುರದ ಕಡೆ ನಮ್ಮ ಹೊಲಗಳಿಗೆ ಕಾಲುವೆ ನೀರು ಬಂದ ಹೊಸತು. ಯಾರೋ ಬೇಲಿಗೆಂದು ಬೇಶರಮ್ ಗಿಡದ ನಾಲ್ಕು ಕಡ್ಡಿ ಚುಚ್ಚಿದ್ದರು. ಎರಡು ವರ್ಷದಲ್ಲಿ ದಂಡೆಯೆಲ್ಲ ಅದರದೇ. ತಿಳಿ ನೇರಳೆ ಹೂವು, ಮುರಿದರೆ ಹಾಲು. ಕಡಿದಷ್ಟೂ ಚಿಗುರುವ, ನಾಚಿಕೆಯಿಲ್ಲದ ಗಿಡವೆಂದೇ ಆ ಹೆಸರು.

ನಾನು ಬಿಎಸ್ಸಿ ಓದುತ್ತಿದ್ದೆ. ಗಿಡ ಒತ್ತಾಗಿ ಬೆಳೆದು ನೀರು ಮುಂದೆ ಹೋಗುತ್ತಿಲ್ಲವೆಂದು ಒಂದು ಮುಂಜಾನೆ ನಾನೂ ಸಣ್ಣವ್ವನೂ ಕುಡಗೋಲು ಹಿಡಿದು ಇಳಿದೆವು. ಸಣ್ಣವ್ವ ಕಡಿದದ್ದನ್ನು ಹೊತ್ತು ಬಂಡೆಯ ಮೇಲೆ ಒಣಹಾಕುತ್ತಿದ್ದಳು. ನಾನು ತುಂಡು ಮಾಡಿ ನೀರಿಗೆ ಎಸೆಯುತ್ತಿದ್ದೆ.

"ಏ, ನೀರಾಗ್ಯಾಕ ಒಗಿಯಾಕತ್ತಿ?"

"ಹರ್ಕೊಂಡು ಹೋಗ್ತಾವ ಬಿಡು ಸಣ್ಣವ್ವಾ. ನಿನ್ನ ಸೊಂಟಾ ಉಳೀತದ."

"ಕಾಲೇಜ್ ಕಲ್ತಾಕಿ ನೀ. ನಿನಗ ಗೊತ್ತಿರಬೇಕವ್ವ."

ಗೊತ್ತಿತ್ತು. ಅದೇ ವಾರ ಪರೀಕ್ಷೆಯಲ್ಲಿ ಅಲೈಂಗಿಕ ಸಂತಾನೋತ್ಪತ್ತಿಯ ಬಗ್ಗೆ ಎರಡು ಪುಟ ಬರೆದಿದ್ದೆ: ಒಂದೇ ತಾಯಿ ಸಾಕು, ಬೀಜ ಬೇಡ, ಗೆಣ್ಣಿರುವ ತುಂಡು ಬೇರು ಬಿಡುತ್ತದೆ. ಉದಾಹರಣೆ ಕಬ್ಬು, ಗುಲಾಬಿ. ಕೈಯಲ್ಲಿದ್ದ ಬೇಶರಮ್ ಮಾತ್ರ ನೆನಪಾಗಲಿಲ್ಲ.

ಮರುವರ್ಷ ಕೆಳಗಡೆ, ಕಾಲುವೆ ರಸ್ತೆಯಡಿಯ ಪೈಪಿನೊಳಗೆ ನುಗ್ಗುವ ಕಡೆ, ಕುರಿಗಳಿಗೆ ನೀರು ಕುಡಿಸಲು ಹೋಗಿದ್ದೆವು. ದಂಡೆಯಿಂದ ನೀರಿನ ಮೇಲಕ್ಕೂ ಬೇಶರಮ್ ಹಬ್ಬಿತ್ತು. ಒಂದು ಮರಿ ಅದರ ಮೇಲೆ ನಡೆದು ಹೋಯಿತು. ಹಗುರ ಮರಿ, ಮುಳುಗಲಿಲ್ಲ. ನೆಲವೇ ಇದೆಯೆಂದು ಸಣ್ಣವ್ವ ಹಿಂದೆ ಹೋದಳು. ಕುತ್ತಿಗೆಯವರೆಗೆ ಇಳಿದುಬಿಟ್ಟಳು.

ನೀರು ಅವಳನ್ನು ಪೈಪಿನ ಬಾಯಿಗೆ ಎಳೆಯುತ್ತಿತ್ತು. ಕೈಗೆ ಸಿಕ್ಕ ಕಡ್ಡಿ ಹಿಡಿದಳು. ಟೊಳ್ಳು ಕಡ್ಡಿ, ಟಪ್ಪೆಂದು ಮುರಿಯಿತು. ಇನ್ನೊಂದು. ಮತ್ತೊಂದು. ದಂಡೆಯ ಮೇಲಿದ್ದ ಅವಳ ಕಂಬಳಿಯ ತುದಿ ಎಸೆದು, ಬೋರಲು ಮಲಗಿ ಎಳೆದೆ.

ಮೇಲೆ ಬಂದ ಸಣ್ಣವ್ವ ಮೊದಲು ನೋಡಿದ್ದು ಮರಿಯನ್ನು. ಅದು ತಾನೇ ದಂಡೆಗೆ ಬಂದು ನಿಂತಿತ್ತು.

"ಸೊಟ್ಟ ಕೊಂಬಿನ ಟಗರಿನ ಮರಿ. ಅಪ್ಪನಂಗ ಹುಂಬ. ಇದರ ಜೋಡಿ ಹುಟ್ಟಿದ್ದು ನೋಡು, ತಾಯಿಯಂಗ ಅಂಜುಬುರುಕ. ನೀರಿನ ಹತ್ರ ಬರಂಗಿಲ್ಲ."

ಒಂದೇ ಬಸಿರಿನ ಎರಡು ಮರಿ, ಎರಡು ಗುಣ. ಇಬ್ಬರು ಕೂಡಿ ಹುಟ್ಟಿಸಿದರೆ ಹೀಗೆ ಕಲಸಿ ಬರುತ್ತದೆ. ಈ ಗಿಡಗಳೋ, ಎಲೆಗೆಲೆ ಒಂದೇ ಅಚ್ಚು. ಸಣ್ಣವ್ವ ಅಂಗೈಗೆ ಮೆತ್ತಿದ ಹಾಲು ಒರೆಸುತ್ತ ಕೇಳಿದಳು, "ತುಂಡಿಂದನ ಬೆಳೀತದಂದ್ರ ಇದು ಹೂವ್ಯಾಕ ಬಿಡ್ತದ?"

ನಾನು ಹೇಳಿದೆ, "ಎಲ್ಲಾ ಒಂದೇ ತರ ಇದ್ದರ ಒಂದು ರೋಗ ಬಂದ್ರ ಎಲ್ಲಾ ಸಾಯಬಹುದು. ಹೂವಿಗಿ ಬೇರೆ ಗಿಡದ ಪರಾಗ ಬಿದ್ದು ಬೀಜ ಆದ್ರ ಮರಿ ಬ್ಯಾರೆ ಬ್ಯಾರೆ ಆಗ್ತಾವ. ಒಂದರೆ ಉಳೀತದ."

"ಅಂದ್ರ ಇದು ಬೀಜದ್ದೋ, ತುಂಡಿಂದೋ?"

ನನಗೂ ಅದೇ ತಿಳಿಯಬೇಕಿತ್ತು. ಬೀಜದ್ದಾಗಿದ್ದರೆ ತಪ್ಪು ನನ್ನದಲ್ಲ. ದಂಡೆಯಂಚಿನ ಒಂದು ಗಿಡವನ್ನು ಕಿತ್ತೆ. ಗೆಣ್ಣಿನ ಸುತ್ತ ಬೇರು ಗಡ್ಡದಂತೆ ಇಳಿದಿತ್ತು. ಕೆಳತುದಿಯ ಕೆಸರು ತೊಳೆದೆ. ಓರೆಯಾಗಿ, ನುಣ್ಣಗೆ, ಕುಡಗೋಲಿನ ಕಚ್ಚು.

ಸಣ್ಣವ್ವನೂ ನೋಡಿದಳು. ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಒದ್ದೆ ಸೀರೆಯಲ್ಲೇ ನಡೆದು, ಅಲ್ಲಿದ್ದ ಒಂದು ಬಂಡೆಯ ಮೇಲೆ ಬೇರು ಬಿಸಿಲಿಗೆ ಮಾಡಿ ಇಟ್ಟಳು.

"ಉಳದವು ನೀ ಕಿತ್ತು ತಾ," ಎಂದಳು.